ಮೂರು ವರ್ಷಕ್ಕೆ ಹೂ ಬಿಡುವ ಗಿಡ

ಏಪ್ರಿಲ್ 14, ಸೋಮವಾರ

ಮಾರ್ಕೆಟ್ ಯಾರ್ಡಿಗೆ ಹೋಗಿ ಸುಮ್ಮನೆ ಕುಳಿತು ಬಂದೆ. ಹತ್ತಿ ಸೀಜನ್ ಮುಗಿಯಿತು. ಬರುತ್ತಿರುವುದು ಕಸ ತುಂಬಿದ ಕೊನೆಯ ಸರಕು. ಅದಕ್ಕೂ ದಲಾಲಿಗಳು ನೊಣದ ಹಾಗೆ ಮುತ್ತುತ್ತಾರೆ. ನಾನು ಏಳಲಿಲ್ಲ. ಗುಮಾಸ್ತ ಜಂಬಯ್ಯ ಎರಡು ಸಲ ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ. ಒಳ್ಳೆಯ ಮನುಷ್ಯ.

ಮನೆಗೆ ಬಂದರೆ ಸುಷ್ಮಾ ಕನ್ನಡಿ ಮುಂದೆ. ತಲೆಯ ಮೇಲೆ ಅಂಗೈ ಆಡಿಸುತ್ತಿದ್ದಳು.

"ನೋಡ್ರಿ, ಕೂದಲಾ ಕರ್ರಗ ಬರಾಕತ್ತಾವ. ಮೊದಲಿನಕಿಂತ ದಪ್ಪ ಅದಾವ."

"ಹೌದು. ದಪ್ಪ ಅದಾವ."

ಶನಿವಾರ ಡಾಕ್ಟರು ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂಡಿಸಿ, ನನ್ನನ್ನೂ ಅವಳ ತಮ್ಮ ರುದ್ರೇಶನನ್ನೂ ಒಳಗೆ ಕರೆದರು. ಲಿವರ್‌ಗೆ ಹಬ್ಬಿದೆ. ಇನ್ನು ಕೀಮೋ ಕೊಟ್ಟರೆ ಬರೀ ಹಿಂಸೆ. ಹೆಚ್ಚೆಂದರೆ ಮೂರು ತಿಂಗಳು. ಎಲ್ಲಾದರೂ ಒಂದು ಟ್ರಿಪ್ ಕರೆದುಕೊಂಡು ಹೋಗಿ, ಈಗಲೇ ಹೋಗಿ ಎಂದರು.

ಹೊರಗೆ ಬಂದಾಗ ಕೇಳಿದಳು — ಏನಂದ್ರು?

"ಕೋರ್ಸ್ ಮುಗೀತಂತ. ಇನ್ನ ಕೀಮೋ ಬ್ಯಾಡಂತ."

ಒಂದು ಮಾತೂ ಸುಳ್ಳಲ್ಲ. ಅವಳು ಅದೇ ಬೆಂಚಿನ ಮೇಲೆ ಕುಳಿತು ಸಂತೋಷಕ್ಕೆ ಅತ್ತಳು. ಪಕ್ಕದಲ್ಲಿದ್ದ ಯಾರೋ ಮುದುಕಿಯ ಕೈ ಹಿಡಿದು ತೆಲುಗಿನಲ್ಲಿ "ಅಯಿಪೋಯಿಂದಮ್ಮಾ, ನಾದಿ ಅಯಿಪೋಯಿಂದಿ" ಎಂದಳು. ಮುಗೀತಮ್ಮಾ, ನಂದು ಮುಗೀತು.

ಸರಕು ನೋಡುವಾಗ ಮುಖದ ಮೇಲೆ ರೇಟು ಕಾಣಿಸಬಾರದು ಎಂದು ಅಪ್ಪ ಯಾರ್ಡಿನಲ್ಲಿ ನಿಲ್ಲಿಸಿ ಕಲಿಸಿದ್ದ. ಇಷ್ಟು ವರ್ಷ ಅದೇ ಅನ್ನ ಹಾಕಿತು. ಮೊನ್ನೆ ಅದೇ ಮುಖ ಇಟ್ಟುಕೊಂಡು ಅವಳನ್ನು ಕಾರಿಗೆ ಹತ್ತಿಸಿದೆ.


ಏಪ್ರಿಲ್ 19, ಶನಿವಾರ

ವಯನಾಡಿಗೆ ಹೋಗುವುದೆಂದು ಆಯಿತು. ರುದ್ರೇಶ ಎಮ್ಮಿಗನೂರಿನ ಬೀಜದ ಅಂಗಡಿಗೆ ಬೀಗ ಹಾಕಿ ಗಾಡಿ ಓಡಿಸುತ್ತಾನಂತೆ. ಅಕ್ಕನ ಮುಂದೆ ಅವನು ಅತಿ ಜೋರಾಗಿ ನಗುತ್ತಾನೆ. ಕತ್ತು ಹಿಡಿದು ಹೊರಗೆ ಹಾಕಬೇಕೆನಿಸುತ್ತದೆ.

ಅವ್ವನಿಗೂ ಹೇಳಿಲ್ಲ. ಸುಷ್ಮಾ ಅವಳಿಗೆ ಸೊಸೆಗಿಂತ ಮೊದಲು ತಮ್ಮನ ಮಗಳು. ಗೋನೆಗಂಡ್ಲದಿಂದ ಹಟ ಮಾಡಿ ತಂದುಕೊಂಡವಳು. ನಮಗೆ ಮಕ್ಕಳಾಗಲಿಲ್ಲ, ಅದಕ್ಕೂ ಅವ್ವ ಒಂದು ದಿನ ಅವಳನ್ನು ಅಂದವಳಲ್ಲ. ಈಗ ಹೇಳಿದರೆ ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಾಳೆ. ಬೇಡ.


ಏಪ್ರಿಲ್ 24, ಗುರುವಾರ. ವಯನಾಡು

ತಣ್ಣಗಿದೆ. ಎಲ್ಲ ಕಡೆ ಹಸಿರು — ಸಿಟ್ಟು ಬರುವಷ್ಟು ಹಸಿರು. ಇಲ್ಲಿ ಗೋಡೆ ಮೇಲೂ ಗಿಡ ಹುಟ್ಟುತ್ತದೆ. ಯಾರೂ ನೀರು ಹಾಕಿಲ್ಲ, ಯಾರೂ ದೇವರಿಗೆ ಹರಕೆ ಹೊತ್ತಿಲ್ಲ.

ಹೋಟೆಲಿನವನು ಆರ್ಕಿಡ್ ನರ್ಸರಿ ನೋಡಿ ಎಂದ. ನನಗೆ ಇಷ್ಟವಿರಲಿಲ್ಲ, ಹೂ ನೋಡಲು ಟಿಕೆಟ್ಟೇ ಎಂದು ಗೊಣಗಿದೆ. ಸುಷ್ಮಾ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಮೇಲೆ ಹಸಿರು ನೆಟ್ ಕಟ್ಟಿದ ಉದ್ದನೆ ಶೆಡ್. ಕಾಲಡಿ ಒದ್ದೆ ಜಲ್ಲಿ. ಕುಂಡದಲ್ಲಿ ಮಣ್ಣೇ ಇಲ್ಲ! ಇದ್ದಿಲು, ತೆಂಗಿನ ಸಿಪ್ಪೆ, ಅಷ್ಟೇ. ಬೇರು ಹೊರಗೇ ನೇತಾಡುತ್ತವೆ. ಬೇರಿಗೆ ಗಾಳಿ ಬೇಕಂತೆ, ಮಣ್ಣು ತಾಗಿದರೆ ಕೊಳೆಯುತ್ತದಂತೆ. ನರ್ಸರಿಯ ಹೆಂಗಸು ಹಿಂದಿ ಇಂಗ್ಲಿಷ್ ಎರಡನ್ನೂ ಕಲಸಿ ಹೇಳುತ್ತಿದ್ದಳು, ಸುಷ್ಮಾ ಯಾವುದೂ ಪೂರ್ತಿ ಬಾರದೆಯೇ ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು. ಹೆಸರಿನ ಚೀಟಿ ಒಂದೊಂದೂ ಓದಿದಳು. ಒಂದು ಹೂವಿನ ಮುಂದೆ ನಿಂತುಬಿಟ್ಟಳು. ಕ್ಯಾಟ್ಲಿಯಾ. ಅಂಗೈಯಷ್ಟು ದೊಡ್ಡದು, ನೇರಳೆ, ಒಳಗೆ ಗಂಟಲಲ್ಲಿ ಹಳದಿ. ಬಗ್ಗಿ ಮೂಸಿದಳು.

"ಇದಕ್ಕ ವಾಸನಿ ಐತ್ರಿ! ಬರ್ರಿ, ನೋಡ್ರಿ."

ಮೂಸಿದೆ. ಇತ್ತು.

ಎಷ್ಟೋ ತಿಂಗಳಿಂದ ಅವಳಿಗೆ ಯಾವ ವಾಸನೆಯೂ ಸೇರುತ್ತಿರಲಿಲ್ಲ. ಒಗ್ಗರಣೆ ಹಾಕಿದರೆ ಮೂಗು ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಮತ್ತೆ ಮತ್ತೆ ಬಗ್ಗಿದಳು. ತಲೆಯ ಮೇಲಿನ ಸ್ಕಾರ್ಫ್ ಜಾರಿದ್ದೂ ಗೊತ್ತಾಗಲಿಲ್ಲ.

ಒಂದು ಗಿಡ ಒಯ್ಯಬೇಕು ಎಂದಳು. ಆ ಹೆಂಗಸು ಎರಡು ತಂದಿಟ್ಟಳು. ಒಂದು ಆ ಹೂ ಬಿಟ್ಟದ್ದೇ, ಇನ್ನೂ ಎರಡು ಮೊಗ್ಗಿನೊಂದಿಗೆ. ಇನ್ನೊಂದು ಬೆರಳುದ್ದದ ಸಸಿ, ಅದೇ ಜಾತಿ. ಇದು ಹೂ ಬಿಡಲು ಮೂರು ವರ್ಷ, ನಾಲ್ಕೂ ಆಗಬಹುದು.

ಸುಷ್ಮಾ ನನ್ನ ಕಡೆ ತಿರುಗಿದಳು. "ಯಾವುದು ತಗೊಳ್ಳೂಣ್ರಿ?"

ಕೇಳಿದಳು. ನನ್ನನ್ನೇ ಕೇಳಿದಳು.

"ನಿನ್ನಿಷ್ಟ" ಎಂದೆ.

"ಹೂ ಬಿಟ್ಟಿದ್ದು ಯಾರಾದ್ರೂ ಒಯ್ತಾರ. ನಮ್ಮೂರ ಬಿಸಲಿಗೆ ನಾಕು ದಿನಕ್ಕ ಉದುರತಾವ. ಸಣ್ಣದು ಒಯ್ದು ನಾನಾ ಬೆಳಸ್ತೀನಿ. ಈಗ ಟೈಮ್ ಐತೆಲ್ಲ."

ರುದ್ರೇಶ ಫೋನ್ ಬಂತು ಎನ್ನುವ ಹಾಗೆ ಕಿವಿಗೆ ಫೋನ್ ಇಟ್ಟುಕೊಂಡು ಹೊರಗೆ ಹೋದ. ಯಾವ ಫೋನೂ ಬಂದಿರಲಿಲ್ಲ.

ಎರಡೂ ತಗೋ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂತು. ಆದರೆ ಮದುವೆಯಾದಾಗಿನಿಂದ ಒಂದು ಕೇಳಿದರೆ ಅರ್ಧ ಕೊಡಿಸಿದವನು ನಾನು. ಇದ್ದಕ್ಕಿದ್ದಂತೆ ಎರಡು ಕೊಡಿಸಿದರೆ ಅವಳು ನನ್ನ ಮುಖ ನೋಡುತ್ತಾಳೆ. ನೋಡಿದರೆ ತಿಳಿಯುತ್ತದೆ. ದಡ್ಡಿಯಲ್ಲ.

ಸಸಿಯನ್ನು ಪೇಪರಿನಲ್ಲಿ ಸುತ್ತಿಕೊಟ್ಟರು. ಬಾಗಿಲ ಹತ್ತಿರ ಅವಳು ಒಮ್ಮೆ ಹಿಂತಿರುಗಿ ಆ ನೇರಳೆ ಹೂವನ್ನು ನೋಡಿದಳು. ನಾನು ಅವಳನ್ನು ನೋಡಿದೆ.


ಏಪ್ರಿಲ್ 27, ಭಾನುವಾರ

ದಾರಿಯುದ್ದಕ್ಕೂ ಕುಂಡ ಅವಳ ತೊಡೆಯ ಮೇಲೆ. ಬಳ್ಳಾರಿ ದಾಟಿದ ಮೇಲೆ ಗಾಜು ಇಳಿಸಲು ಬಿಡಲಿಲ್ಲ, ಬಿಸಿಗಾಳಿ ಬಡಿಯುತ್ತದಂತೆ. ಆಂಧ್ರದ ಗಡಿ ದಾಟಿ ಆಲೂರಿನಲ್ಲಿ ಚಹಾ. ಅವಳು ಇಳಿಯಲಿಲ್ಲ. ಗಿಡಕ್ಕೆ ಎಸಿ ಬೇಕು!

ಮನೆಗೆ ಬಂದೊಡನೆ ಅವ್ವ ಕುಂಡದೊಳಗೆ ಇಣುಕಿದಳು.

"ಇದೇನಽ ಇದು, ಬರೇ ಇದ್ದಲಿ ಹಾಕ್ಯಾರ? ಮಣ್ಣಿಲ್ಲದ ಗಿಡ ಎಲ್ಲಾರ ಬದುಕತೈತೇನು? ಮೋಸ ಮಾಡ್ಯಾರ ನಿಮಗ."

"ಇಲ್ಲತ್ತಿ, ಇದಕ್ಕ ಗಾಳಿನ ಊಟ" ಎಂದಳು ಸುಷ್ಮಾ.

ಅವ್ವ ನಂಬಲಿಲ್ಲ. ನಾಗಲದಿನ್ನೆಯ ನಮ್ಮ ಎರೆ ಹೊಲದಲ್ಲಿ ದುಡಿದವಳು ಅವಳು.


ಮೇ 6, ಮಂಗಳವಾರ

ನಲವತ್ತಮೂರು ಡಿಗ್ರಿ. ಕೂಲರ್ ಗಿಡದ ಕಡೆ ತಿರುಗಿದೆ. ನಾನು ಬೆವರುತ್ತಾ ಮಲಗುತ್ತೇನೆ, ಅದು ಕೇರಳದಲ್ಲಿ ಮಲಗುತ್ತದೆ. ಬೋರ್ ನೀರು ಉಪ್ಪು ಎಂದು ಅದಕ್ಕೆ ಕ್ಯಾನ್ ನೀರು. ಅವ್ವನಿಗೂ ನನಗೂ ಬೋರ್ ನೀರಿನದೇ ಚಹಾ.

ಬೆಳಿಗ್ಗೆ ಎದ್ದವಳೇ ಸ್ಪ್ರೇ ಹಿಡಿಯುತ್ತಾಳೆ. ಹಾಸಿಗೆ ಬಿಟ್ಟು ಏಳದವಳು ಈಗ ನನಗಿಂತ ಮೊದಲು ಏಳುತ್ತಾಳೆ. ಇದಕ್ಕೆ ಖುಷಿಪಡಬೇಕು. ಪಡಲು ಆಗುವುದಿಲ್ಲ.


ಮೇ 21, ಬುಧವಾರ

ಹೊಸ ಎಲೆ! ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ಗೋಧಿ ಕಾಳಿನಷ್ಟಿದೆ. ಅದಕ್ಕೆ ಸಕ್ಕರೆ ಹಂಚಿದಳು.

"ಹೂ ಬಿಟ್ಟಾಗ ಆ ಕೇರಳದಾಕಿಗೆ ಫೋಟೋ ಕಳಸೂಣ್ರಿ. ಮೂರು ವರ್ಷಕ್ಕ ಆಕಿಗೆ ನಮ್ಮ ನೆನಪಿರತೈತೋ ಇಲ್ಲೋ."

"ಇರತೈತಿ."

ಊಟ ಕಡಿಮೆಯಾಗಿದೆ. ಅರ್ಧ ರೊಟ್ಟಿ. ಹೊಟ್ಟೆ ಉಬ್ಬಿದೆ. ಗ್ಯಾಸ್ ಎನ್ನುತ್ತಾಳೆ. ಕೇರಳದ ಅಕ್ಕಿಯ ಮೇಲೆ ತಪ್ಪು ಹಾಕುತ್ತಾಳೆ. ನಾನೂ ಹೌದು ಎನ್ನುತ್ತೇನೆ. ಎಲ್ಲಕ್ಕೂ ಹೌದು. ನನ್ನ ಹೌದಿಗೆ ಬೆಂಕಿ ಬೀಳಲಿ.


ಜೂನ್ 25, ಬುಧವಾರ. ಮಣ್ಣೆತ್ತಿನ ಅಮಾವಾಸ್ಯೆ

ಬರೆದು ತಿಂಗಳಾಯಿತು. ಬರೆಯುವಂಥದ್ದೇನೂ ಇಲ್ಲ. ಅವಳ ಕಣ್ಣು ಹಳದಿಯಾಗಿವೆ. ಕಾಮಣಿ ಎಂದು ಅವ್ವ ಯಾರದೋ ಔಷಧಿ ತರಿಸಿದಳು. ಕುಡಿದಳು ಪಾಪ, ಅದನ್ನೂ ಕುಡಿದಳು.

ನಮ್ಮ ಹೊಲ ಕೋರಿಗೆ ಮಾಡಿ ಬೆಳೆಯಲ್ಲಿ ಪಾಲು ಕೊಡುವ ಬಜಾರಪ್ಪ ನಾಗಲದಿನ್ನೆಯಿಂದ ಒಂದು ಪುಟ್ಟಿ ಎರೆ ಮಣ್ಣು ತಂದುಕೊಟ್ಟು ಹೋದ. ಅತ್ತೆ ಸೊಸೆ ಕುಳಿತು ಎತ್ತು ಮಾಡಿದರು. ಸುಷ್ಮಾ ಗೋಡೆಗೆ ಒರಗಿಕೊಂಡು ಕುಸುಬಿ ಕಾಳಿನ ಕಣ್ಣು ಇಟ್ಟಳು, ಅಷ್ಟಕ್ಕೇ ದಣಿದಳು. ಕೋಡು ಅವ್ವ ಮಾಡಿದಳು. ಪೂಜೆ, ಹೋಳಿಗೆ. ಪೂಜೆಯಾದ ಎತ್ತುಗಳನ್ನು ಮರುದಿನ ಹಿತ್ತಲಿನ ಪತ್ರಿ ಗಿಡದ ಬುಡಕ್ಕಿಟ್ಟು ನೀರು ಹಾಕಿ ಕರಗಿಸುವುದು ನಮ್ಮ ಮನೆಯ ಪದ್ಧತಿ. ಮನೆಯ ಪೀಡೆಯೆಲ್ಲ ಅದರೊಂದಿಗೆ ಕರಗುತ್ತದೆ ಎನ್ನುತ್ತಾಳೆ ಅವ್ವ.

ನಾಳೆ ಬಳ್ಳಾರಿ ಆಸ್ಪತ್ರೆ. ಹೊಟ್ಟೆಯ ನೀರು ತೆಗೆಸಬೇಕು. ಅವಳಿಗೆ "ಗ್ಯಾಸಿನ ಟ್ರೀಟ್‌ಮೆಂಟ್" ಎಂದಿದ್ದೇನೆ. ಗಿಡಕ್ಕೆ ದಿನಾ ಸ್ಪ್ರೇ ಮಾಡು ಅತ್ತಿ ಎಂದು ಅವ್ವನಿಗೆ ಹತ್ತು ಸಲ ಹೇಳಿದಳು.


ಜೂನ್ 28, ಶನಿವಾರ

ಆಗಿ ಹೋಯಿತು.

ಮಧ್ಯಾಹ್ನ ಬಂದೆವು. ಅವಳನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದೆ. ಹಾಸಿಗೆಗೆ ಹೋಗಲಿಲ್ಲ, ಮೊದಲು ಗಿಡದ ಹತ್ತಿರ. ಕುಂಡದ ತುಂಬ ಕರೀ ಮಣ್ಣು. ಮೇಲೆ ಎರಡು ಎತ್ತು, ಅರ್ಧ ಕರಗಿ, ಕೋಡು ಬಿದ್ದು. ಕುಸುಬಿ ಕಾಳಿನ ಕಣ್ಣು ಮಾತ್ರ ಹಾಗೇ. ಎರೆ ಮಣ್ಣಿನ ಗುಣ ಗೊತ್ತಲ್ಲ — ಒದ್ದೆಯಾದರೆ ಅಂಟು, ಒಣಗಿದರೆ ಕಲ್ಲು. ಕೂಲರ್ ಗಾಳಿಗೆ ಆಗಲೇ ಬಿರುಕು ಬಿಟ್ಟಿತ್ತು. ಹೊಸ ಎಲೆ ಬಾಗಿ ಕಪ್ಪಾಗಿತ್ತು.

"ಅವ್ವಾ! ಏನ ಮಾಡೀದಿ ಇದು?"

"ಬಸವಣ್ಣನ್ನ ಇಟ್ಟೀನಪ್ಪ. ಈ ವರ್ಷ ಪತ್ರಿ ಗಿಡಕ್ಕ ಬ್ಯಾಡ, ಆಕಿ ಗಿಡಕ್ಕ ಇರಲಿ ಅಂತ. ಆಕಿ ಪೀಡಾ ಕರಗಲಿ ಅಂತ. ನಮ್ಮ ಎರಿ ಮಣ್ಣಾಗ ಬರಲಾರದ್ದು ಯಾವುದೈತೋ ಸೋಮಾ?"

ಸುಷ್ಮಾ ನಕ್ಕಳು. ಆ ಹಳದಿ ಕಣ್ಣಿನಲ್ಲೂ ನಕ್ಕಳು. "ಇರಲಿ ಬಿಡ್ರಿ. ಅತ್ತಿಗೇನು ಗೊತ್ತು. ತೊಳದ್ರ ಹೋಗತೈತಿ. ಇನ್ನಾ ಮೂರು ವರ್ಷ ಐತೆಲ್ಲ ಅದಕ್ಕ."

ನನಗೆ ಏನಾಯಿತೋ. ಎರಡೂವರೆ ತಿಂಗಳ ಹೌದು, ಹೌದು, ಹೌದು — ಎಲ್ಲ ಒಟ್ಟಿಗೆ ನುಗ್ಗಿ ಬಂತು. ಅವ್ವನ ಕಡೆ ತಿರುಗಿ ಕಿರುಚಿದೆ.

"ಮೂರು ವರ್ಷ ಎಲ್ಲೈತಿ ಆಕಿಗೆ? ಮೂರು ತಿಂಗಳು ಅಂದಾನ ಡಾಕ್ಟರು! ಎರಡೂವರಿ ಹೋದವು. ಇದ್ದ ಒಂದು ಗಿಡಾನೂ ಕೊಂದಿ!"



ಅವ್ವ ಬೀದಿಗೆ ಕೇಳುವ ಹಾಗೆ ಅಳುತ್ತಾಳೆ ಎಂದುಕೊಂಡಿದ್ದೆ. ಅಳಲಿಲ್ಲ. ಹಾಗೇ ಕೆಳಗೆ ಕುಳಿತು ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಮಣ್ಣು ಕೆರೆಯತೊಡಗಿದಳು. ಸುಷ್ಮಾ ನನ್ನ ಮುಖ ನೋಡಿದಳು. ಈ ಸಲ ಅದರ ಮೇಲೆ ಎಲ್ಲವೂ ಬರೆದಿತ್ತು. ಗೋಡೆ ಹಿಡಿದುಕೊಂಡು ತಾನೇ ಒಳಗೆ ಹೋದಳು. ಹಿಡಿಯಲು ಹೋದರೆ ಕೈ ಸರಿಸಿದಳು.


ಜೂನ್ 29

ಮಾತಿಲ್ಲ.


ಜೂನ್ 30

ಮಾತಿಲ್ಲ. ನೀರು ಕೊಟ್ಟರೆ ಕುಡಿಯುತ್ತಾಳೆ.

ಅವ್ವ ಬೇರು ತೊಳೆದು, ಹೊಸ ಇದ್ದಿಲು ಹಾಕಿ, ಗಿಡ ಮತ್ತೆ ಅಲ್ಲೇ ಇಟ್ಟಿದ್ದಾಳೆ. ಬೇರು ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತದೆ. ಒಳಗೆ ನಾರಷ್ಟೇ. ಅವ್ವನ ಉಗುರಿನ ಸಂದಿಯಲ್ಲಿ ಇನ್ನೂ ಆ ಮಣ್ಣು. ನಮ್ಮವರನ್ನು ಕೊನೆಗೆ ಇಡುವುದೂ ಅದೇ ಮಣ್ಣಿನಲ್ಲಿ. ಯೋಚಿಸಬಾರದು ಎಂದುಕೊಂಡರೂ ಬರುತ್ತದೆ.


ಜುಲೈ 1, ಮಂಗಳವಾರ. ಬೆಳಿಗ್ಗೆ

ಮಾತಾಡಿದಳು. ಗಂಜಿ ಕುಡಿಸುತ್ತಿದ್ದೆ. ಬೈಯುತ್ತಾಳೆ, ಅಳುತ್ತಾಳೆ, ಯಾಕೆ ಮುಚ್ಚಿಟ್ಟಿರಿ ಎನ್ನುತ್ತಾಳೆ ಎಂದು ಏನೇನೋ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಅದೊಂದೂ ಕೇಳಲಿಲ್ಲ.

"ಹಂಗಾದ್ರ ಅವತ್ತು ಹೂ ಬಿಟ್ಟಿದ್ದು ಯಾಕ ಕೊಡಸಲಿಲ್ರಿ?"

ಚಮಚವನ್ನು ಬಟ್ಟಲಿನಲ್ಲಿಟ್ಟೆ.

"ನಾ ಕೇಳಿದ್ನಲ್ಲ, ಯಾವುದು ತಗೊಳ್ಳೂಣು ಅಂತ."

"ನಿನಗ ಗೊತ್ತಾಗತೈತಿ ಅಂತ ಅಂಜಿಕಿ ಬಂತು."

ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ಗೊತ್ತಾಗಿದ್ರ ಆಗತಿತ್ತು. ಹೂವರ ಇರತಿತ್ತು."

ಗಂಜಿ ಸಾಕು ಎಂದಳು.

ಅವಳು ಗಟ್ಟಿ ಇದ್ದಾಗ, ಮೂಗಿಗೆ ವಾಸನೆ ಹಿಡಿಯುತ್ತಿದ್ದಾಗ, ಹಾಸಿಗೆಯ ಪಕ್ಕ ಹದಿನೈದು ದಿನ ಆ ಹೂ ಇರಬಹುದಿತ್ತು. ಇನ್ನೆರಡು ಮೊಗ್ಗೂ ಇದ್ದವು. ಬೆರಳು ತೋರಿಸಿ ಇದು ಎಂದಿದ್ದರೆ ಸಾಕಿತ್ತು. ನನ್ನ ಮುಖ ಉಳಿಸಿಕೊಂಡೆ. ಈ ಮುಖ!


ಜುಲೈ 4, ಶುಕ್ರವಾರ

ನರ್ಸರಿಗೆ ಫೋನ್. ಆ ಗಿಡದ ಹೂ ಉದುರಿ ಎಷ್ಟೋ ದಿನವಾಯಿತು. ಬೇರೆ ಒಂದರಲ್ಲಿ ಮೊಗ್ಗಿದೆ, ನೇರಳೆಯೇ. ಆದರೆ ಅಲ್ಲಿ ಮಳೆ ಹಿಡಿದಿದೆ, ಮೊಗ್ಗಿರುವುದನ್ನು ಪಾರ್ಸೆಲ್ ಕಳಿಸುವುದಿಲ್ಲ. ಯಾರಿಗೆ ಬೇಕು ಎಂದು ಆ ಹೆಂಗಸು ಕೇಳಿದಳು. "ಮೈ ವೈಫ್" ಎಂದೆ. ಸಣ್ಣ ಗಿಡ ಹೇಗಿದೆ ಎಂದಳು. ಚೆನ್ನಾಗಿದೆ ಎಂದೆ. ರೂಢಿ.


ಜುಲೈ 8, ಮಂಗಳವಾರ

ನೋವಿನ ಪ್ಯಾಚ್ ಹಾಕುತ್ತಿದ್ದಾರೆ. ದಿನದ ಹೆಚ್ಚು ಹೊತ್ತು ನಿದ್ದೆ. ಎಚ್ಚರಾದಾಗ ಅವ್ವನ ಜೊತೆ ಮಾತು, ಗೋನೆಗಂಡ್ಲದ ಹಳೆಯ ಮಾತು. ನನ್ನ ಜೊತೆ ನೀರು, ಔಷಧಿ, ಫ್ಯಾನ್ ಇಷ್ಟೇ. ಸಿಟ್ಟಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು.

ಇವತ್ತು ಒಮ್ಮೆ ಕಣ್ಣು ಮುಚ್ಚಿಕೊಂಡೇ — "ಅದರ ಗಂಟಲಾಗ ಹಳದಿ ಇತ್ತು, ಅಲ್ಲೇನ್ರಿ?"

"ಹೌದು."

ಈ ಒಂದು ಹೌದು ನಿಜವಾದದ್ದು.

ಹೊರಗೆ ಬಂದು ರುದ್ರೇಶನಿಗೆ ಫೋನ್ ಮಾಡಿದೆ. ಮುಂಗಾರಿನ ವ್ಯಾಪಾರ, ಅಂಗಡಿ ಮುಂದೆ ರೈತರು ಸಾಲಾಗಿ ನಿಂತಿರುವ ಕಾಲ. ಮಾತು ಮುಗಿಸಲು ಬಿಡಲಿಲ್ಲ. "ಹೋಗಿಬರ್ತೀನಿ ಬಾವಾ. ಈಗಾ ಹೊಂಡ್ತೀನಿ."


ಜುಲೈ 10, ಗುರುವಾರ

ರುದ್ರೇಶ ವಯನಾಡಿನಲ್ಲಿ ಸಿಕ್ಕಿಕೊಂಡಿದ್ದಾನೆ. ಘಾಟಿನಲ್ಲಿ ಮರ ಬಿದ್ದು ರಸ್ತೆ ಬಂದ್. ಗಿಡ ಕೈಯಲ್ಲಿದೆಯಂತೆ. ಫೋಟೋ ಕಳಿಸಿದ. ಮೊಗ್ಗು ಬಿರಿಯುತ್ತಿದೆ, ನೇರಳೆ ತುದಿ ಕಾಣುತ್ತದೆ. ಅವಳಿಗೆ ಫೋನ್ ಹಿಡಿದು ತೋರಿಸಿದೆ. ಬಹಳ ಹೊತ್ತು ನೋಡಿದಳು. ಬೆರಳಿನಿಂದ ದೊಡ್ಡದು ಮಾಡಿ ನೋಡಿದಳು.

"ತಮ್ಮಗ ಗಾಡಿ ಮೆಲ್ಲಕ ಓಡಸು ಅನ್ರಿ."

ಆಮೇಲೆ, "ಕೂಲರ್ ಅಲ್ಲೇ ಇರಲಿ. ಅದು ಬಂದ್ರ ಅಲ್ಲೇ ಇಡಬೇಕಲ್ಲ."

ಸತ್ತ ಸಸಿಯನ್ನು ಅವ್ವ ಇವತ್ತು ತೆಗೆದಳು. ಜಾಗ ಒರೆಸಿ ಖಾಲಿ ಇಟ್ಟಿದ್ದಾಳೆ.


ಜುಲೈ 12, ಶನಿವಾರ. ಬೆಳಿಗ್ಗೆ

ರುದ್ರೇಶ ಬಳ್ಳಾರಿಗೆ ಬಂದನಂತೆ. ರಾತ್ರಿಯೆಲ್ಲ ಓಡಿಸಿದ್ದಾನೆ. ಹೂ ದಾರಿಯಲ್ಲೇ ಪೂರ್ತಿ ಅರಳಿತಂತೆ. ಸೀಟ್ ಬೆಲ್ಟ್ ಹಾಕಿ ಪಕ್ಕದಲ್ಲಿ ಕೂಡಿಸಿಕೊಂಡಿದ್ದಾನೆ. ಗಾಡಿ ತುಂಬ ವಾಸನೆ ಬಾವಾ, ಎಂದ.

ಅವಳ ಕಿವಿಯಲ್ಲಿ ಹೇಳಿದೆ. ರೆಪ್ಪೆ ಆಡಿದ ಹಾಗಾಯಿತು. ಉಸಿರು ಬಿಟ್ಟು ಬಿಟ್ಟು ಬರುತ್ತಿದೆ. ಅವ್ವ ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿದಳು.


ಅದೇ ದಿನ. ಸ್ವಲ್ಪ ಹೊತ್ತಿಗೆ

ಮತ್ತೆ ಫೋನ್ ಮಾಡಿದ. "ಬಾವಾ, ಆಲೂರು ದಾಟಿದೆ. ಅಕ್ಕ ಎಚ್ಚರ ಅದಾಳಾ?"

ಅವ್ವ ಮಂಚದ ಕಾಲಿಗೆ ತಲೆಯಿಟ್ಟು ಕುಳಿತಿದ್ದಳು. ಅಳುತ್ತಿಲ್ಲ. ಮಡಚಿದ್ದ ಬೆರಳು ತಾವಾಗಿ ಬಿಚ್ಚಿಕೊಂಡಿದ್ದವು. ನಾನು ಕೈ ಹಿಡಿದುಕೊಂಡೇ ಇದ್ದೆ, ಅದು ತಣ್ಣಗಾಗಿತ್ತು.

ಹುಡುಗ ನಿದ್ದೆಗೆಟ್ಟು ಒಬ್ಬನೇ ಗಾಡಿ ಓಡಿಸುತ್ತಿದ್ದಾನೆ. ಏನು ಹೇಳಲಿ.

"ಅದಾಳ. ನಿನ್ನ ದಾರಿನ ನೋಡಾಕತ್ತಾಳ. ಮೆಲ್ಲಕ ಬಾ ಅಂದಾಳ" ಎಂದೆ. ದನಿ ಒಂದಿಷ್ಟೂ ನಡುಗಲಿಲ್ಲ.

ಕೂಲರ್ ಓಡುತ್ತಲೇ ಇದೆ, ಖಾಲಿ ಜಾಗದ ಕಡೆ. ಆಫ್ ಮಾಡು ಎಂದು ಅವ್ವ ಕೈ ಮಾಡಿದಳು. ಎದ್ದೆ. ಸ್ವಿಚ್ಚಿನ ಮೇಲೆ ಬೆರಳಿಟ್ಟೆ. ಬಿಸಿಲು ಏರುತ್ತಿದೆ, ಹೂ ಬಂದರೆ ಅಲ್ಲೇ ಇಡಬೇಕಲ್ಲ.